ಪೋಲೋ ಜಿಟಿ: ಘಾಟಿ ದಾರಿಗೆ ಟಿಎಸ್‌ಐ ಸರಿಯೋ, ಟಿಡಿಐ ಸರಿಯೋ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ನಿಷ್ಠೆಯಿಂದ ಓಡಿದ ನಮ್ಮ ಸಣ್ಣ ಗಾಡಿಯನ್ನು ಈ ದೀಪಾವಳಿಯೊಳಗೆ ಕೊಟ್ಟು, ಓಡಿಸಲು ಮನಸ್ಸಿಗೆ ಹಿತವಾಗುವಂಥ ಒಂದು ಹಳೆಯ ಕಾರನ್ನು ಕೊಳ್ಳಬೇಕೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೇವೆ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಎಂಬಲ್ಲಿಗೆ ಇಬ್ಬರ ಮನಸ್ಸೂ ಬಂದು ನಿಂತಿದೆ. ಆದರೆ ಪೆಟ್ರೋಲಿನ ಟಿಎಸ್‌ಐ, ಡೀಸೆಲ್ಲಿನ ಟಿಡಿಐ ಎಂಬ ಅದರ ಎರಡು ರೂಪಗಳಲ್ಲಿ ಯಾವುದು ಎಂಬಲ್ಲಿ ಮಾತು ಮುಂದೆ ಸಾಗುತ್ತಿಲ್ಲ.

ಕೈಗೆ ಎಟುಕುವಂತೆ ಇರುವುದು ಎರಡು ಗಾಡಿಗಳು. ಒಂದು 2016ರ ಜಿಟಿ ಟಿಎಸ್‌ಐ, ಬೆಂಗಳೂರಿನ ಕೆಎ-05 ನೋಂದಣಿ, ಮೀಟರಿನಲ್ಲಿ 52,000 ಕಿಲೋಮೀಟರ್, ಬ್ರೋಕರ್ ಕೇಳುತ್ತಿರುವುದು 5.75 ಲಕ್ಷ. ಇನ್ನೊಂದು 2017ರ ಜಿಟಿ ಟಿಡಿಐ, ನಮ್ಮ ಕೆಎ-14ರದ್ದೇ, ಅಡಿಕೆ ವ್ಯಾಪಾರಿಯೊಬ್ಬರು ತಾವೇ ಓಡಿಸಿದ್ದು, 98,000 ಕಿಲೋಮೀಟರ್ ಆಗಿದೆ, ಬೆಲೆ 5.60 ಲಕ್ಷ. ಎರಡನೆಯದರ ಸರ್ವಿಸ್ ದಾಖಲೆಗಳು ಮೊದಲ ದಿನದಿಂದ ಇಂದಿನವರೆಗೆ ಒಂದು ಫೈಲಿನಲ್ಲಿ ಇವೆ. ಮೊದಲನೆಯದಕ್ಕೆ ಮೂರು ವರ್ಷದವು ಮಾತ್ರ ಸಿಕ್ಕಿವೆ.

ನಮ್ಮ ಓಡಾಟ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಹದಿನೈದು ದಿನಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇವೆ, ತಿಂಗಳಿಗೆ ಎರಡು ಮೂರು ಸಲ ಶಿವಮೊಗ್ಗ, ವರ್ಷಕ್ಕೆ ನಾಲ್ಕು ಸಲ ಬೆಂಗಳೂರು. ಉಳಿದ ದಿನಗಳಲ್ಲಿ ಹೆಂಡತಿ ಮೇಗರವಳ್ಳಿಯ ಶಾಲೆಗೆ ಅದರಲ್ಲೇ ಹೋಗಿಬರುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಅಡಿಕೆ ಸವಾರ (ಸಾಗರ)

ಇದರಲ್ಲಿ ಯೋಚಿಸುವುದೇನಿದೆ ಎಂದು ನನಗೆ ಅರ್ಥವಾಗುತ್ತಿಲ್ಲ. ಘಟ್ಟದ ದಾರಿಗೆ ಡೀಸೆಲ್ ಗಾಡಿಯೇ ಸರಿ. ಟಿಡಿಐ ಎಂಜಿನ್ನಿನ ಎಳೆತ 250 ನ್ಯೂಟನ್ ಮೀಟರ್, ಟಿಎಸ್‌ಐಯದು 175. ಅಶ್ವಶಕ್ತಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನಾಲ್ಕು ಜನ ಕುಳಿತು ಡಿಕ್ಕಿಯಲ್ಲಿ ಎರಡು ಮೂಟೆ ಇಟ್ಟುಕೊಂಡು ಏರು ಹತ್ತುವಾಗ ಕೆಲಸಕ್ಕೆ ಬರುವುದು ಎಳೆತವೇ ಹೊರತು ಅಶ್ವಶಕ್ತಿಯಲ್ಲ.

ನಾನು ಇದೇ ಗಾಡಿಯನ್ನು ಆರು ವರ್ಷದಿಂದ ಓಡಿಸುತ್ತಿದ್ದೇನೆ. ಸಾಗರದಿಂದ ಬೆಂಗಳೂರಿಗೆ ಒಮ್ಮೆ ಟ್ಯಾಂಕ್ ತುಂಬಿಸಿ ಹೊರಟರೆ ಹಿಂದಿರುಗುವಾಗ ಅರ್ಧ ದಾರಿಯವರೆಗೂ ಬಂಕಿನ ಮುಖ ನೋಡಬೇಕಿಲ್ಲ. ಹೆದ್ದಾರಿಯಲ್ಲಿ ಲೀಟರಿಗೆ ಹತ್ತೊಂಬತ್ತು, ಘಾಟಿಯಲ್ಲಿ ಹದಿನೇಳು ಕೊಡುತ್ತದೆ. ಅರಸೀಕೆರೆ ದಾಟಿದ ಮೇಲೆ ಲಾರಿಗಳನ್ನು ಹಿಂದೆ ಹಾಕುವಾಗ ನಾಲ್ಕನೇ ಗೇರಿನಲ್ಲೇ ಕಾಲಿಟ್ಟರೆ ಸಾಕು, ಗೇರು ಇಳಿಸುವ ಗೋಜಿಲ್ಲ. ಪೆಟ್ರೋಲ್ ಗಾಡಿಯ, ತಾನೇ ಗೇರು ಬದಲಿಸುವ ಆ ಡಿಎಸ್‌ಜಿ ಗೇರ್‌ಬಾಕ್ಸ್ ಬಗ್ಗೆ ಕೇಳಿದ ಮೇಲೆ ನಾನಂತೂ ಅದರ ಹತ್ತಿರ ಸುಳಿಯುವುದಿಲ್ಲ. ಫೈಲಿನಲ್ಲಿ ದಾಖಲೆ ಇಟ್ಟುಕೊಂಡ ವ್ಯಾಪಾರಿಯ ಗಾಡಿ ಸಿಕ್ಕಿದ್ದು ನಿಮ್ಮ ಅದೃಷ್ಟ, ತೆಗೆದುಕೊಂಡುಬಿಡಿ.

ಎರಡನೇ ಗೇರು (ಕೊಪ್ಪ)

ಸಾಗರದ ಮಿತ್ರರ ಮಾತನ್ನು ಗೌರವದಿಂದಲೇ ಒಪ್ಪದಿರಲು ಅನುಮತಿ ಕೋರುತ್ತೇನೆ. ಘಟ್ಟಕ್ಕೆ ಡೀಸೆಲ್ ಎಂಬ ನಂಬಿಕೆ ನಮ್ಮ ಕಡೆ ಜೀಪುಗಳ ಕಾಲದಲ್ಲಿ ಹುಟ್ಟಿದ್ದು. ಆ ಜೀಪುಗಳಲ್ಲಿ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರಲಿಲ್ಲ, ಎಂಜಿನ್ ಎರಡು ಲೀಟರಿಗೂ ಮಿಕ್ಕಿದ್ದು, ಗೇರುಗಳು ತೀರ ಗಿಡ್ಡ. ನಡೆಯುವ ವೇಗದಲ್ಲಿ ಇದ್ದರೂ ಎಂಜಿನ್ ಎಳೆಯುತ್ತಲೇ ಇರುತ್ತಿತ್ತು. ಒಂದೂವರೆ ಲೀಟರಿನ ಟರ್ಬೊ ಡೀಸೆಲ್ಲಿಗೆ ಆ ಗುಣವನ್ನು ಆರೋಪಿಸುವುದು ಸರಿಯಲ್ಲ. 250 ಎಂಬ ಅಂಕಿ ನಿಜ, ಆದರೆ ಅದು ಯಾವಾಗ ಕೈಗೆ ಸಿಗುತ್ತದೆ ಎಂಬುದು ಅಂಕಿಗಿಂತ ಮುಖ್ಯ.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದ ಕಡೆಯಿಂದ ಹತ್ತುವಾಗ ಒಂದೊಂದು ತಿರುವಿನಲ್ಲೂ ಗಾಡಿಯ ವೇಗ ಹತ್ತು ಹನ್ನೆರಡಕ್ಕೆ ಇಳಿಯುತ್ತದೆ. ಎದುರಿಗೆ ಮಿನಿ ಬಸ್ಸು ಬಂತೆಂದರೆ ಪೂರ್ತಿ ನಿಲ್ಲಿಸಬೇಕು. ಟಿಡಿಐಯಲ್ಲಿ ಎರಡನೇ ಗೇರಿನಲ್ಲೇ ತಿರುವಿಗೆ ಹೋದಿರೋ, ಎಂಜಿನ್ನಿನ ಸುತ್ತು (ಆರ್‌ಪಿಎಂ) ತೀರ ಕೆಳಗೆ ಬೀಳುತ್ತದೆ. ಆಗ ಟರ್ಬೊ ಮಲಗಿರುತ್ತದೆ, ಕಾಲೊತ್ತಿದರೂ ಗಾಡಿ ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಹಾಗಾಗಿ ಒಂದನೇ ಗೇರಿಗೆ ಬರಬೇಕು. ಒಂದನೇ ಗೇರಿನಲ್ಲಿ ತಿರುವಿನಿಂದ ಹೊರಬೀಳುವಷ್ಟರಲ್ಲಿ ಟರ್ಬೊ ಎಚ್ಚೆತ್ತು ಎಲ್ಲ ಎಳೆತವೂ ಒಮ್ಮೆಗೇ ಬರುತ್ತದೆ, ಮಳೆಯಲ್ಲಿ ಮುಂದಿನ ಚಕ್ರ ಗಿರ್ರೆಂದು ಜಾರುತ್ತದೆ, ಮರುಕ್ಷಣ ಮತ್ತೆ ಎರಡನೇ ಗೇರು. ಹದಿನಾಲ್ಕು ತಿರುವಿಗೆ ಹದಿನಾಲ್ಕು ಸಲ ಇದೇ ವ್ಯಾಯಾಮ.

1.2 ಲೀಟರಿನ ಟಿಎಸ್‌ಐ ಎಂಜಿನ್ ತನ್ನ 175 ನ್ಯೂಟನ್ ಮೀಟರನ್ನು 1,500 ಸುತ್ತಿನ ಆಸುಪಾಸಿನಿಂದ 4,000ದ ಆಚೆಗೂ ಒಂದೇ ಸಮನೆ ಕೊಡುತ್ತದೆ. ಟರ್ಬೊ ಸಣ್ಣದು, ಬೇಗ ತಿರುಗುತ್ತದೆ. ಮೂಗೂ ಹಗುರ; ಡೀಸೆಲ್ ಎಂಜಿನ್ನಿನ ಭಾರ ಮುಂದಿನ ಚಕ್ರಗಳ ಮೇಲೆ ಇಲ್ಲದ್ದರಿಂದ ಸ್ಟೀರಿಂಗ್ ತಿರುಗಿಸಿದ ಕಡೆಗೆ ಗಾಡಿ ಮನಸ್ಸಿಟ್ಟು ತಿರುಗುತ್ತದೆ. ಗಾಡಿ ಹಿಡಿತ ತಪ್ಪಿ ಜಾರದಂತೆ ತಡೆಯುವ ಇಎಸ್‌ಪಿ ಮತ್ತು ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಜಿಟಿ ಟಿಎಸ್‌ಐಯಲ್ಲಿ ಇವೆ. ಟಿಡಿಐ ನೋಡಲು ಹೋದಾಗ ಕೀಲಿ ತಿರುಗಿಸಿ, ಮೀಟರ್ ಫಲಕದಲ್ಲಿ ಜಾರುವ ಗಾಡಿಯ ಚಿತ್ರದ ಹಳದಿ ದೀಪ ಒಂದು ಕ್ಷಣ ಹತ್ತಿ ಆರುತ್ತದೆಯೇ ಎಂದು ಗಮನಿಸಿ. ದೀಪ ಹತ್ತದಿದ್ದರೆ ಆ ಗಾಡಿಯಲ್ಲಿ ಆ ವ್ಯವಸ್ಥೆ ಇಲ್ಲವೆಂದೇ ತಿಳಿಯಬೇಕು. ವರ್ಷಕ್ಕೆ ನಾಲ್ಕು ತಿಂಗಳು ಪಾಚಿಗಟ್ಟುವ ರಸ್ತೆಯಲ್ಲಿ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಬೆಂಗಳೂರು ಹೆದ್ದಾರಿಯ ಮಾತಾದರೆ ಸಾಗರದವರು ಹೇಳಿದ್ದು ಅಕ್ಷರಶಃ ಸತ್ಯ. ಅಲ್ಲಿ ಟಿಡಿಐಗೆ ಸಾಟಿಯಿಲ್ಲ. ಆದರೆ ನೀವು ಬೆಂಗಳೂರಿಗೆ ಹೋಗುವುದು ವರ್ಷಕ್ಕೆ ನಾಲ್ಕು ಸಲ, ಘಾಟಿ ಇಳಿದು ಹತ್ತುವುದು ಇಪ್ಪತ್ತನಾಲ್ಕು ಸಲ.

ಗ್ರೀಸ್ ಕೈ (ಶಿವಮೊಗ್ಗ)

ಇಪ್ಪತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವವನ ಮಾತು ಎಂದು ಇದನ್ನು ಓದಿಕೊಳ್ಳಿ. ಎಂಜಿನ್ನಿನ ಚರ್ಚೆ ಚೆನ್ನಾಗಿದೆ. ಆದರೆ ಹಳೆಯ ಗಾಡಿ ಕೊಳ್ಳುವವರು ಎಂಜಿನ್ನನ್ನು ಮಾತ್ರ ಕೊಳ್ಳುವುದಿಲ್ಲ, ಅದು ಹಿಂದೆ ಯಾವ ರಸ್ತೆಯಲ್ಲಿ ಬದುಕಿತ್ತೋ ಆ ರಸ್ತೆಯನ್ನೂ ಜೊತೆಗೆ ಕೊಳ್ಳುತ್ತಾರೆ.

ಜಿಟಿ ಟಿಎಸ್‌ಐಯಲ್ಲಿ ಇರುವುದು ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ. ಒಳಗೆ ಎರಡು ಕ್ಲಚ್ಚುಗಳಿವೆ: ಒಂದು, ಮೂರು, ಐದು, ಏಳನೇ ಗೇರುಗಳಿಗೆ ಒಂದು, ಎರಡು, ನಾಲ್ಕು, ಆರಕ್ಕೆ ಇನ್ನೊಂದು. ನೀವು ಮೂರರಲ್ಲಿ ಇರುವಾಗಲೇ ನಾಲ್ಕು ಸಿದ್ಧವಾಗಿ ಕಾಯುತ್ತಿರುತ್ತದೆ, ಅದಕ್ಕೇ ಗೇರು ಬದಲಾದದ್ದು ಕುತ್ತಿಗೆಗೆ ಗೊತ್ತಾಗುವುದಿಲ್ಲ. ಇದನ್ನೆಲ್ಲ ನಡೆಸುವ, ಎಣ್ಣೆಯ ಒತ್ತಡವೂ ಎಲೆಕ್ಟ್ರಾನಿಕ್ಸೂ ಸೇರಿದ ಪೆಟ್ಟಿಗೆಗೆ ಮೆಕಟ್ರಾನಿಕ್ ಎನ್ನುತ್ತಾರೆ. ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿಲ್ಲದ ಕಾರಣ ಬಿಸಿ ಬೇಗ ಏರುತ್ತದೆ, ಆರುವುದು ನಿಧಾನ. ಟ್ರಾಫಿಕ್ಕಿನಲ್ಲಿ ಅಡಿ ಅಡಿಯಾಗಿ ತೆವಳುವುದೆಂದರೆ ಮ್ಯಾನುಯಲ್ ಗಾಡಿಯಲ್ಲಿ ಅರ್ಧ ಕ್ಲಚ್ ಹಿಡಿದುಕೊಂಡು ನಿಂತಂತೆಯೇ, ಕಾಲಿನ ಬದಲು ಕಂಪ್ಯೂಟರ್ ಹಿಡಿದಿರುತ್ತದೆ ಅಷ್ಟೆ. 2013ರ ನವೆಂಬರಿನಲ್ಲಿ ಈ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆಯನ್ನು ತೆಗೆದು ಮಿನರಲ್ ಎಣ್ಣೆ ಹಾಕಲು ಕಂಪನಿ ಜಗತ್ತಿನಾದ್ಯಂತ ಹದಿನಾರು ಲಕ್ಷದಷ್ಟು ಗಾಡಿಗಳನ್ನು ಹಿಂದಕ್ಕೆ ಕರೆದಿತ್ತು; ಬಿಸಿಯೂ ತೇವವೂ ಇರುವ ಹವೆಯಲ್ಲಿ ಹಳೆಯ ಎಣ್ಣೆಯಿಂದ ವಿದ್ಯುತ್ ದೋಷ ಬರಬಹುದೆಂಬುದು ಕಾರಣ. ನಿಮ್ಮದು 2016ರ ಗಾಡಿ, ಆ ಚಿಂತೆ ಬೇಡ.

ಆದ್ದರಿಂದ ಬೆಂಗಳೂರಿನ 52,000 ಕಿಲೋಮೀಟರ್ ನೋಡಿ ಹಿಗ್ಗಬೇಡಿ. ಆಫೀಸಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ತೆವಳಿದ ಗಾಡಿಯ ಕ್ಲಚ್ಚಿನ ವಯಸ್ಸನ್ನು ಮೀಟರು ಹೇಳುವುದಿಲ್ಲ. ನಮ್ಮ ವ್ಯಾಪಾರಿಯ 98,000ದಲ್ಲಿ ಬಹುಪಾಲು ಐದನೇ ಗೇರಿನಲ್ಲಿ ಆದದ್ದು. ಹಾಗೆಂದು ಅದಕ್ಕೆ ಖರ್ಚಿಲ್ಲವೆಂದಲ್ಲ. ಆ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಅದು ತುಂಡಾದರೆ ವಾಲ್ವುಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದುಕೊಂಡು ಎಂಜಿನ್ ಹಾಳಾಗುತ್ತದೆ. ಬೆಲ್ಟ್ ಬದಲಾಯಿಸಿದ ಬಿಲ್ಲು ಫೈಲಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬೆಲ್ಟು, ಟೆನ್ಷನರ್, ವಾಟರ್ ಪಂಪು ಮೂರರ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಎರಡೂ ಗಾಡಿಗಳಿಗೆ ಅನ್ವಯಿಸುವ ಒಂದು ಪರೀಕ್ಷೆ ಹೇಳುತ್ತೇನೆ, ಬ್ರೋಕರುಗಳಿಗೆ ಇದು ಹಿಡಿಸುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಅಚ್ಚು ಇರುತ್ತದೆ. 2316 ಎಂದಿದ್ದರೆ 2016ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದ ಟೈರು. 52,000 ಎಂದು ಹೇಳುವ ಗಾಡಿಯಲ್ಲಿ ಈಗಾಗಲೇ ಮೂರನೇ ಜೊತೆ ಟೈರು ಓಡುತ್ತಿದ್ದರೆ ಮೀಟರು ಸುಳ್ಳು ಹೇಳುತ್ತಿದೆ, ಇಲ್ಲವೇ ಓಡಿಸಿದವರ ಕಾಲು ಭಾರ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಅಚ್ಚನ್ನೂ ಓದಿ, ಅದನ್ನು ಬದಲಾಯಿಸಲು ಯಾರಿಗೂ ನೆನಪಾಗಿರುವುದಿಲ್ಲ.

ಹುಲಿಕಲ್ ಮಳೆ (ಹೊಸನಗರ)

ನಾನು ಎರಡರಲ್ಲಿ ಒಂದನ್ನೂ ಓಡಿಸಿದವಳಲ್ಲ. ಆದರೆ ಹಳೆಯ ಗಾಡಿಯನ್ನು ನಮ್ಮ ಮಳೆಗಾಲಕ್ಕೆ ತಂದು ನಿಲ್ಲಿಸಿದ ಅನುಭವ ಇದೆ. ಅದು ಬೇರೆ ಕಂಪನಿಯ ಗಾಡಿ, ಹೆಸರು ಇಲ್ಲಿ ಬೇಕಿಲ್ಲ.

ಹಲಸಿನ ಮರದ ಕೆಳಗೆ ನಿಲ್ಲಿಸುತ್ತಿದ್ದೆವು. ವೈಪರಿನ ಕೆಳಗೆ, ಬಾನೆಟ್ ಮುಗಿಯುವಲ್ಲಿ ಮಳೆನೀರು ಹರಿದುಹೋಗುವ ಕಂಡಿಗಳಿರುತ್ತವೆ. ಅಲ್ಲಿ ಎಲೆ ಕೊಳೆತು ಗೊಬ್ಬರವಾಗಿ, ಒಂದು ದಿನ ಅದರಲ್ಲಿ ಹಲಸಿನ ಸಸಿಯೇ ಹುಟ್ಟಿತ್ತು. ನೀರು ಹೊರಗೆ ಹೋಗುವ ದಾರಿ ಕಾಣದೆ ಎಡಗಡೆಯ ಕಾರ್ಪೆಟ್ಟಿನ ಅಡಿಗೆ ಇಳಿಯಿತು. ಆಷಾಢದಲ್ಲಿ ಬಾಗಿಲು ತೆರೆದರೆ ಸೀಟಿನ ಮೇಲೆಲ್ಲ ಬಿಳಿ ಬೂಷ್ಟು. ಗಾಡಿ ನೋಡಲು ಹೋದಾಗ ಕಾರ್ಪೆಟ್ಟನ್ನು ಕೈಯಿಂದ ಒತ್ತಿ ನೋಡಿ, ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜು ತೇವವಾಗಿರಬಹುದು. ಇಲಿಯ ವಿಷಯ ನಾನು ಹೇಳಬೇಕಿಲ್ಲ. ವೈರು ಕಡಿದಿದ್ದಕ್ಕೆ ಟೇಪು ಸುತ್ತಿದ ಗುರುತು ಬಾನೆಟ್ ಒಳಗೆ ಎಲ್ಲಿದ್ದರೂ ಆ ಗಾಡಿ ಮಲೆನಾಡಿನದು ಎಂದು ಕಣ್ಣುಮುಚ್ಚಿ ಹೇಳಬಹುದು.

ಇನ್ನೊಂದು ವಿಷಯ. ಈಗ ಬಂಕಿನಲ್ಲಿ ಸಿಗುತ್ತಿರುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲ್. 2016ರ ಗಾಡಿಯನ್ನು ಇದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿಯನ್ನು ಮೂರು ವಾರ ನಿಲ್ಲಿಸುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ದಿನವೂ ಶಾಲೆಗೆ ಓಡುವ ಗಾಡಿಗೆ ಈ ತೊಂದರೆ ಕಡಿಮೆ. ತೋಟದ ಮನೆಯಲ್ಲಿ ನಿಲ್ಲುವ ಗಾಡಿಯಾಗಿದ್ದರೆ ನಾನು ಡೀಸೆಲ್ ಎನ್ನುತ್ತಿದ್ದೆ.

ಕಾಗದಪತ್ರ (ಭದ್ರಾವತಿ)

ದಾಖಲೆಯ ಕಡೆಯಿಂದ ನಾಲ್ಕು ಮಾತು. ಎರಡೂ ಗಾಡಿಗಳು ರಾಜ್ಯದೊಳಗಿನವೇ ಆದ್ದರಿಂದ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟುವ ಪ್ರಮೇಯ ಇಲ್ಲ. ಕೇರಳದ ಅಥವಾ ಗೋವಾದ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹೋಗುವವರು ಎನ್‌ಒಸಿ ತರುವುದನ್ನೂ ಇಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಹಿಂದಿನವರು ಸಾಲ ತೆಗೆದು ಕೊಂಡಿದ್ದರೆ ಸಾಲ ತೀರಿತೆಂಬ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ನಿಮಗೆ ಬರುವುದಿಲ್ಲ.

ಡೀಸೆಲ್ ಗಾಡಿಗೆ ಹತ್ತೇ ವರ್ಷ ಎಂಬ ಭಯವನ್ನು ಹಲವರು ಹಬ್ಬಿಸುತ್ತಾರೆ. ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ನಮ್ಮಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಮೊದಲ ನೋಂದಣಿ ಹದಿನೈದು ವರ್ಷಕ್ಕೆ. ಪರೀಕ್ಷೆಯ ವೇಳೆ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಹಾಕಿದ್ದ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣದ ಪ್ರಸ್ತಾಪವೂ ಬಂದೇ ಬರುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: 2015ರ ಡಿಸೆಂಬರಿನಲ್ಲಿ ಭಾರತದಲ್ಲಿ 3,23,700 ಗಾಡಿಗಳ ಸಾಫ್ಟ್‌ವೇರ್ ಸರಿಪಡಿಸುವುದಾಗಿ ಕಂಪನಿ ಪ್ರಕಟಿಸಿತ್ತು. ಅದು ಅದಕ್ಕೂ ಹಿಂದೆ ತಯಾರಾದ ಗಾಡಿಗಳ ಮಾತು. 2014ರ ಟಿಡಿಐ ಕೊಳ್ಳುವವರು ಆ ಕೆಲಸ ಆಗಿದೆಯೇ ಎಂದು ಚಾಸಿ ನಂಬರ್ ಕೊಟ್ಟು ವಿಚಾರಿಸಬಹುದು, 2017ರದ್ದಕ್ಕೆ ಬೇಕಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ಕೃತಜ್ಞತೆಗಳು. ಎರಡೂ ಗಾಡಿಗಳನ್ನು ನೋಡಿ ಬಂದೆ, ಕ್ರಮವಾಗಿ ಹೇಳುತ್ತೇನೆ.

ಮೊದಲು ಲೆಕ್ಕ. ನಮ್ಮ ಓಡಾಟಕ್ಕೆ ಟಿಎಸ್‌ಐ ಲೀಟರಿಗೆ ಹದಿಮೂರು, ಟಿಡಿಐ ಹದಿನೆಂಟು ಕೊಡುತ್ತದೆಂದು ಹಿಡಿದೆ. ಹತ್ತು ಸಾವಿರ ಕಿಲೋಮೀಟರಿಗೆ ಪೆಟ್ರೋಲ್ ಸುಮಾರು 770 ಲೀಟರ್, ಡೀಸೆಲ್ ಸುಮಾರು 555 ಲೀಟರ್. ಪೆಟ್ರೋಲಿಗೆ 103, ಡೀಸೆಲ್ಲಿಗೆ 91 ರೂಪಾಯಿ ಹಾಕಿದರೆ ವರ್ಷಕ್ಕೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಸಾವಿರದ ವ್ಯತ್ಯಾಸ. ಐದು ವರ್ಷಕ್ಕೆ ಒಂದು ಲಕ್ಷ ನಲವತ್ತು ಸಾವಿರ. ಅಡಿಕೆ ಸವಾರರು ಹೇಳದೆ ಬಿಟ್ಟ ಅತ್ಯಂತ ಬಲವಾದ ವಾದ ಇದೇ ಎಂದು ನನಗೆ ತೋರಿತು.

ಬೆಂಗಳೂರಿನ ಟಿಎಸ್‌ಐ ನೋಡಲು ರಾತ್ರಿ ರೈಲಿನಲ್ಲಿ ಹೋದೆ. ಹೊರಗಿನಿಂದ ಕನ್ನಡಿಯ ಹಾಗಿದೆ. ಗ್ರೀಸ್ ಕೈ ಅವರು ಹೇಳಿದಂತೆ ಮೊಣಕಾಲೂರಿ ಟೈರಿನ ಅಚ್ಚು ಓದಿದೆ. ಮುಂದಿನ ಎರಡು 2023ರವು, ಹಿಂದಿನ ಒಂದು 2020, ಇನ್ನೊಂದು 2021. ಇಷ್ಟು ಓದುವಷ್ಟರಲ್ಲಿ ಬ್ರೋಕರ್ ಎರಡು ಸಲ ಕಾಫಿಗೆ ಕರೆದ. ಒಬ್ಬರ ಕೈಯ ಗಾಡಿ ಎಂದು ಫೋನಿನಲ್ಲಿ ಹೇಳಿದ್ದ, ಆರ್‌ಸಿಯಲ್ಲಿ ನೋಡಿದರೆ ಈಗಿನವರು ಮೂರನೆಯವರು. ಫ್ಲೈಓವರ್ ಏರಿನಲ್ಲಿ ಕಾಲು ಹಗುರ ಮಾಡಿ ತೆವಳಿಸಿದಾಗ, ಒಂದರಿಂದ ಎರಡಕ್ಕೆ ಹೋಗುವಲ್ಲಿ ಅಕ್ಕಿ ಜರಡಿ ಹಿಡಿದಂತೆ ಇಡೀ ಗಾಡಿ ನಡುಗಿತು. ಎಸಿಯ ಕಂಪನ ಎಂದ. ಎಸಿ ಆರಿಸಿ ಮತ್ತೆ ಏರಿಸಿದೆ, ನಡುಕ ಹಾಗೇ ಇತ್ತು. ಕ್ಲಚ್ಚಿನ ಖರ್ಚು ಕಳೆದು ಬೆಲೆ ಹೇಳಿ ಎಂದದ್ದಕ್ಕೆ ಐದು ಸಾವಿರ ಇಳಿಸಲು ಒಪ್ಪಿದ. ಅದೇ ರಾತ್ರಿಯ ರೈಲಿಗೆ ಹಿಂದಿರುಗಿದೆ.

ಶಿವಮೊಗ್ಗದ ಟಿಡಿಐ ಇದಕ್ಕೆ ತದ್ವಿರುದ್ಧ. ಮಾಲೀಕರು ಫೈಲನ್ನು ಮೇಜಿನ ಮೇಲಿಟ್ಟು ಎದ್ದುಹೋದರು, ನಿಧಾನಕ್ಕೆ ಓದಿ ಎಂದರು. ಬೆಲ್ಟ್ ಬದಲಾಯಿಸಿದ ಬಿಲ್ಲು ಇರಲಿಲ್ಲ. ಅದನ್ನು ಹೇಳಿದಾಗ ಮರುಮಾತಾಡದೆ ಮೂವತ್ತು ಸಾವಿರ ಇಳಿಸಿದರು. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯವರೆಗೆ ಓಡಿಸಿದೆ. ತುಂಗೆಯ ಪಕ್ಕದ ಆ ಬಳುಕು ದಾರಿಯಲ್ಲಿ ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿಗೆ ನನ್ನ ಮನಸ್ಸು ಸೋತಿತು ಎಂದೇ ಹೇಳಬೇಕು. ಕೊಪ್ಪದ ಎರಡನೇ ಗೇರು ಅವರು ಹೇಳಿದ ಹಳದಿ ದೀಪ ಮಾತ್ರ ಮೀಟರಿನಲ್ಲಿ ಹತ್ತಲಿಲ್ಲ. ಮುಂಗಡ ಕೊಡುವುದೊಂದೇ ಬಾಕಿ ಇತ್ತು. ಆದರೆ ಮಾಲೀಕರು ತಾವಾಗಿಯೇ, ಮನೆಯವರೂ ಓಡಿಸುವವರಾದರೆ ಒಂದು ದಿನ ಇಟ್ಟುಕೊಂಡು ಘಾಟಿಗೆ ಹೋಗಿಬನ್ನಿ ಎಂದರು. ಆ ಮುಂದಿನದನ್ನು ನಾನು ಹೇಳುವುದಕ್ಕಿಂತ ಓಡಿಸಿದವರೇ ಹೇಳುವುದು ನ್ಯಾಯ.

ಇನ್ನೊಂದು ದಡ (ತೀರ್ಥಹಳ್ಳಿ)

ತುಂಗಾತೀರದವರ ಹೆಂಡತಿ ನಾನು. ಇಷ್ಟು ದಿನ ಓದುತ್ತಿದ್ದೆ, ಈಗ ನನ್ನ ಸರದಿ.

ಘಾಟಿ ಇಳಿಯುವಾಗ ಟಿಡಿಐ ಬಗ್ಗೆ ದೂರಿಲ್ಲ. ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಹೆಚ್ಚು ಮುಟ್ಟಬೇಕಾಗಲಿಲ್ಲ. ಹತ್ತುವಾಗ ಏಳನೇ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು, ಹಿಂದೆ ಒಂದು ಜೀಪು ಅಂಟಿಕೊಂಡಿತ್ತು, ಸಣ್ಣಗೆ ಮಳೆ. ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರು ಹಾಕಿ, ಕ್ಲಚ್ ಬಿಡುತ್ತಾ ಬಂದರೆ ಎಂಜಿನ್ ಆಫ್ ಆಯಿತು. ಮತ್ತೆ ಮಾಡಿದಾಗ ಸುತ್ತು ಹೆಚ್ಚಾಗಿ ಚಕ್ರ ಜಾರಿತು. ಮೂರನೆಯ ಸಲ ಏರಿತು, ಸರಿ. ಹತ್ತು ವರ್ಷದಿಂದ ಈ ಘಾಟಿಯಲ್ಲಿ ಓಡಿಸುತ್ತಿರುವವಳಿಗೆ ಇದು ಬಾರದ ವಿದ್ಯೆಯೇನಲ್ಲ. ಆದರೆ ಕ್ಲಚ್ ಗಟ್ಟಿ, ನನ್ನ ಎಡಮೊಣಕಾಲು ಹೋದ ವರ್ಷದಿಂದ ಸರಿಯಿಲ್ಲ. ಮೇಲೆ ಸೂರ್ಯಾಸ್ತದ ಕಟ್ಟೆಯ ಹತ್ತಿರ ಇಳಿದಾಗ ಕಾಲು ನಡುಗುತ್ತಿತ್ತು. ವರ್ಷದ ಇಪ್ಪತ್ತೆಂಟು ಸಾವಿರ ರೂಪಾಯಿ ಉಳಿತಾಯವನ್ನು ಇವರು ಇನ್ನೊಮ್ಮೆ ವಿವರಿಸಿದರು. ಉಳಿಸುವವರು ಓಡಿಸುವವರೂ ಆಗಿದ್ದರೆ ಒಪ್ಪುತ್ತಿದ್ದೆ ಎಂದೆ.

ಅಡಿಕೆ ಸವಾರ (ಸಾಗರ)

ಅಕ್ಕಾ, ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ. ಮೊಣಕಾಲಿನ ವಿಷಯ ಮೊದಲೇ ತಿಳಿದಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಆದರೆ ಗಾಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ ಮಾರಾಯ್ರೆ. ಒಂದು ವಾರ ಓಡಿಸಿದರೆ ಕಾಲಿಗೆ ಆ ಟರ್ಬೊ ಎಲ್ಲಿ ಏಳುತ್ತದೆಂದು ತಿಳಿಯುತ್ತದೆ. ಆ ವ್ಯಾಪಾರಿಯ ಫೋನ್ ನಂಬರನ್ನು ಖಾಸಗಿಯಾಗಿ ಕಳಿಸಿ, ನನ್ನ ತಮ್ಮನಿಗೆ ಒಂದು ಗಾಡಿ ಬೇಕು.

ಎರಡನೇ ಗೇರು (ಕೊಪ್ಪ)

ಹಾಗಾದರೆ ಬೆಂಗಳೂರಿನ ಟಿಎಸ್‌ಐ ಬಿಟ್ಟು ಉಡುಪಿ, ಮಂಗಳೂರು, ಚಿಕ್ಕಮಗಳೂರಿನ ನೋಂದಣಿಯವನ್ನು ಹುಡುಕಿ, ಕೆಎ-20, ಕೆಎ-19, ಕೆಎ-18. ಅಲ್ಲಿನ ಗಾಡಿ ಏರಿಳಿತ ಕಂಡಿರುತ್ತದೆ, ತೆವಳಾಟ ಅಷ್ಟು ಕಂಡಿರುವುದಿಲ್ಲ. ಕರಾವಳಿಯದಾದರೆ ಗಾಡಿಯನ್ನು ಲಿಫ್ಟಿಗೆ ಏರಿಸಿ ತಳದ ತುಕ್ಕು ನೋಡಲು ಮರೆಯಬೇಡಿ. 1.2 ಲೀಟರಿನ ಟಿಎಸ್‌ಐ 2020ರ ಮಾರ್ಚ್‌ವರೆಗೆ ಬಂದಿದೆ, ಆಮೇಲೆ ಬಿಎಸ್‌6 ಎಂಬ ಹೊಗೆ ನಿಯಮದ ಕಾಲದಲ್ಲಿ ಮೂರು ಸಿಲಿಂಡರಿನ 1.0 ಲೀಟರ್ ಎಂಜಿನ್ ಬಂತು, ಡಿಎಸ್‌ಜಿ ಹೋಗಿ ಸಾಮಾನ್ಯ ಆಟೋಮ್ಯಾಟಿಕ್ ಬಂತು. ಕ್ಲಚ್ಚಿನ ಚಿಂತೆಯೇ ಬೇಡವೆನ್ನುವವರಿಗೆ ಅದೂ ಒಂದು ದಾರಿ, ಆದರೆ ನಿಮ್ಮ ಬೆಲೆಗೆ ಸಿಗಲಾರದು.

ಹದಿನೈದು ಇಂಚಿನ ಚಕ್ರದ್ದು ಸಿಕ್ಕರೆ ಹದಿನಾರು ಇಂಚಿನದ್ದನ್ನು ಬಿಡಿ. ನೋಡಲು ಹದಿನಾರು ಚೆಂದ, ಆದರೆ ಟೈರಿನ ಗೋಡೆ ತೆಳ್ಳಗಾದಷ್ಟೂ ನಮ್ಮ ಹೊಂಡಗಳು ಅದನ್ನು ಬೇಗ ಹುಡುಕಿಕೊಳ್ಳುತ್ತವೆ. ಬಾಳೆಹೊನ್ನೂರು ದಾರಿಯಲ್ಲಿ ನೀರು ತುಂಬಿದ ಹೊಂಡವೊಂದಕ್ಕೆ ಇಳಿಸಿ, ಮಾರನೆಯ ದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡದ್ದನ್ನು ನೋಡಿದವನು ನಾನು.

ಗ್ರೀಸ್ ಕೈ (ಶಿವಮೊಗ್ಗ)

ಟಿಎಸ್‌ಐ ತೆಗೆದುಕೊಂಡ ಮೇಲೆ ಘಾಟಿಯಲ್ಲಿ ಓಡಿಸುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ಈ ಗೇರ್‌ಬಾಕ್ಸು ಕೆಡುವುದೂ ಉಳಿಯುವುದೂ ಅದರಲ್ಲೇ ಇದೆ. ಏರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡು ಗಾಡಿಯನ್ನು ನಿಲ್ಲಿಸಬೇಡಿ, ಬ್ರೇಕಿನ ಮೇಲೆ ನಿಲ್ಲಿಸಿ. ಮುಂದೆ ಬಸ್ಸು ತೆವಳುತ್ತಿದ್ದರೆ ಅದರ ಬೆನ್ನಿಗೆ ಅಂಟಬೇಡಿ, ನಿಂತು ಮೂರು ಗಾಡಿಯಷ್ಟು ಜಾಗ ಬಿಟ್ಟು ಒಂದೇ ಸಲಕ್ಕೆ ಹೊರಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಇಳಿಜಾರಿನಲ್ಲಿ ಡಿ ಯಲ್ಲಿ ಬಿಡಬೇಡಿ, ಅದು ಇಂಧನ ಉಳಿಸಲು ಮೇಲಿನ ಗೇರಿಗೆ ಓಡುತ್ತದೆ. ಲಿವರನ್ನು ಪಕ್ಕಕ್ಕೆ ಸರಿಸಿ ಮ್ಯಾನುಯಲ್ ಮಾಡಿ ಎರಡರಲ್ಲಿ ಇಳಿಸಿ. ಸೋಮೇಶ್ವರ ಚೆಕ್‌ಪೋಸ್ಟಿನಲ್ಲಿ ಬ್ರೇಕಿನ ಸುಟ್ಟ ವಾಸನೆಯೊಂದಿಗೆ ನಿಂತಿರುವ ಆಟೋಮ್ಯಾಟಿಕ್ ಗಾಡಿಗಳೆಲ್ಲ ಇದನ್ನು ಮಾಡದವು.

ತುಂಗಾತೀರ (ತೀರ್ಥಹಳ್ಳಿ)

ಎರಡು ತಿಂಗಳು ಮೌನವಾಗಿದ್ದುದಕ್ಕೆ ಕ್ಷಮೆ ಇರಲಿ. ದೀಪಾವಳಿ ಕಳೆದುಹೋಯಿತು, ಗಾಡಿ ಬಂದದ್ದು ಆಮೇಲೆ.

ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ 2018ರ ಜಿಟಿ ಟಿಎಸ್‌ಐ, ಕೆಎ-20, 61,000 ಕಿಲೋಮೀಟರ್, ಒಬ್ಬರದೇ ಕೈ. 6.40 ಲಕ್ಷಕ್ಕೆ ಮುಗಿಯಿತು. ನಾವು ಇಟ್ಟುಕೊಂಡಿದ್ದಕ್ಕಿಂತ ಅರವತ್ತೈದು ಸಾವಿರ ಹೆಚ್ಚು. ಗ್ರೀಸ್ ಕೈ ಅವರು ಲ್ಯಾಪ್‌ಟಾಪ್ ಹಿಡಿದು ನನ್ನ ಜೊತೆ ಉಡುಪಿಗೆ ಬಂದು, ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ ಕ್ಲಚ್ಚಿನ ಅಂಕಿಗಳನ್ನೂ ದಾಖಲಾದ ದೋಷಗಳನ್ನೂ ಓದಿದರು. ಪೆಟ್ರೋಲ್ ಖರ್ಚು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ, ಮಣಿಪಾಲದಲ್ಲಿ ಊಟಕ್ಕೆ ಮಾತ್ರ ಒಪ್ಪಿದರು. ತಳದಲ್ಲಿ ಸೈಲೆನ್ಸರಿನ ಪಟ್ಟಿಗೆ ತುಕ್ಕು ಹಿಡಿದಿತ್ತು, ಬೇರೆ ಕಡೆ ಇರಲಿಲ್ಲ. ಚಕ್ರ ಹದಿನಾರು ಇಂಚಿನದ್ದೇ. ಎರಡನೇ ಗೇರು ಅವರು ಕ್ಷಮಿಸಬೇಕು, ಎಲ್ಲವೂ ಕೇಳಿದಂತೆ ಸಿಗುವುದಿಲ್ಲ. ಹೆಸರು ಬದಲಾವಣೆಗೆ ಅರ್ಜಿ ಹೋಗಿದೆ, ಇನ್ಶೂರೆನ್ಸ್ ನನ್ನ ಹೆಸರಿಗೆ ಬಂದಿದೆ.

ಇದುವರೆಗೆ ಲೀಟರಿಗೆ ಹನ್ನೆರಡೂವರೆ, ನಾನು ಹಿಡಿದ ಲೆಕ್ಕಕ್ಕಿಂತ ಅರ್ಧ ಕಡಿಮೆ. ಆ ಟಿಡಿಐ ಈಗ ಸಾಗರದಲ್ಲಿದೆ. ಮೊನ್ನೆ ಶಿವಮೊಗ್ಗದಲ್ಲಿ ಸಿಗ್ನಲ್ಲಿನ ಹತ್ತಿರ ನನ್ನ ಪಕ್ಕಕ್ಕೇ ಬಂದು ನಿಂತಿತು, ಗುರುತು ಹಿಡಿದು ಕೈ ಬೀಸಿದರು. ದೀಪ ಹಸಿರಾದ ಮೇಲೆ ಯಾರು ಮುಂದೆ ಹೋದರೆಂದು ಇಲ್ಲಿ ಬರೆಯುವುದಿಲ್ಲ.

ಗಾಡಿ ಈಗ ಶಾಲೆಯ ಸಮಯಕ್ಕೆ ಮನೆಯಲ್ಲಿ ಇರುವುದಿಲ್ಲ, ಭಾನುವಾರ ಕೇಳಿದರೆ ಕೀಲಿ ಸಿಗುತ್ತದೆ. ಒಂದು ಪ್ರಶ್ನೆ ಉಳಿದಿದೆ: ಬಾನೆಟ್ ಒಳಗೆ ಇಲಿ ಬಾರದಂತೆ ಕೆಳಗಿನಿಂದ ಹಾಕುವ ಕಬ್ಬಿಣದ ಜಾಲರಿಯನ್ನು ಈ ಗಾಡಿಗೆ ಯಾರಾದರೂ ಮಾಡಿಸಿದ್ದೀರಾ? ನಿನ್ನೆ ಬೆಳಿಗ್ಗೆ ಏರ್ ಫಿಲ್ಟರಿನ ಡಬ್ಬಿಯ ಮೇಲೆ ಅರ್ಧ ತಿಂದ ಅಡಿಕೆ ಸಿಕ್ಕಿತು.